ಅವ್ವನ ಕುತ್ತಿಗೆ

"ಲೇ ಬೇವರ್ಸಿ, ಅದು ನಿಮ್ಮಪ್ಪನ ಗೋರಿ ಅಲ್ಲ, ನಮ್ಮ ಹಿರೀಕರದ್ದು. ಮೆಲ್ಲಗೆ ಕೆರಿ."

ದಣಿ ಹೀಗಂದಾಗ ನಾನು ಗುಂಡಿಯೊಳಗೆ ಮಂಡಿಯೂರಿ, ಕುಂಚ ಹಿಡಿದು, ಒಂದು ಹಲ್ಲಿನ ಸುತ್ತಲಿನ ಮಣ್ಣು ಬಿಡಿಸುತ್ತಿದ್ದೆ. ಗುಂಡಿ ಒಂದೂವರೆ ಆಳು ಆಳ. ತಲೆಯೆತ್ತಿದರೆ ದಣಿಯ ಚಪ್ಪಲಿಯ ತುದಿ, ಹೊಟ್ಟೆ, ಅದರ ಮೇಲೆ ಛತ್ರಿ, ಇಷ್ಟೇ ಕಾಣುತ್ತಿತ್ತು. ಹೂಂ ದಣಿ ಅಂದೆ. ಹೊಟ್ಟೆಗೇ ಅಂದೆ.

ಗುಡ್ಡ ದಣಿಯದು. ಗುಡ್ಡದ ಕೆಳಗೆ ಸಮುದ್ರ, ಅದೊಂದು ಯಾರದ್ದೂ ಅಲ್ಲ. ನೆತ್ತಿಯ ಮೇಲೆ ಆನೆ ಮಲಗಿದ ಹಾಗೆ ಒಂದು ಕಲ್ಲುಗುಪ್ಪೆ ಇತ್ತು. ಅದರಡಿ ಯಾರನ್ನೋ ಹೂತಿದ್ದಾರೆ, ಮೂರು ಸಾವಿರ ವರ್ಷವಾದರೂ ಆಗಿದೆ ಅಂತ ಪಟ್ಟಣದಿಂದ ಬಂದ ಮೂಳೆ ಸಾಹೇಬರು ಹೇಳಿದ್ದೇ ತಡ, ಒಳಗಿರುವುದು ತನ್ನ ವಂಶದ ಮೂಲಪುರುಷ ಅಂತ ದಣಿ ಗುಡ್ಡದ ಬುಡದಲ್ಲಿ ಬೋರ್ಡು ನೆಡಿಸಿದ. ಸತ್ತವನ ಹೆಸರು ಗೊತ್ತಿರಲಿಲ್ಲವಾದ್ದರಿಂದ ತನ್ನ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಸಿದ.

ನಾವು ಹನ್ನೆರಡು ಆಳು. ಗಂಡಸರು ಅಗೆಯುವುದು, ಹೆಂಗಸರು ಮಣ್ಣನ್ನು ಬಾಂಡ್ಲಿಯಲ್ಲಿ ಹೊತ್ತು ಇನ್ನೂರು ಹೆಜ್ಜೆ ಕೆಳಗಿದ್ದ ಜರಡಿಗೆ ಸುರಿಯುವುದು. ನಮ್ಮವ್ವ ಹೊರುವವಳು. ಇದಕ್ಕೆ ಮೊದಲು ಕಲ್ಲಿನ ಕ್ವಾರಿಯಲ್ಲಿ ಹೊತ್ತಳು, ಅದಕ್ಕೂ ಮೊದಲು ಉಪ್ಪಿನ ಗದ್ದೆಯಲ್ಲಿ. ಹೊರೆ ಬದಲಾಗುತ್ತಿತ್ತು, ತಲೆ ಅದೇ.

ನನ್ನ ಕೈ ನಡುಗುವುದಿಲ್ಲ ಅಂತ ಸಾಹೇಬರು ಗುದ್ದಲಿ ಬಿಡಿಸಿ ನನಗೆ ಕುಂಚ ಕೊಟ್ಟಿದ್ದರು. ಬುದ್ಧಿವಂತ ಅಂತಲೇ ಕರೆಯುತ್ತಿದ್ದರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಸ್ಕೂಲಲ್ಲಿದ್ದಾಗಲೂ ಬಿದ್ದಿರಲಿಲ್ಲ ಅನ್ನಿ. ಕುಂಚ ಸಿಕ್ಕಿದ್ದೇ ಇವನು ಸಾಹೇಬನ ಅಳಿಯ ಆಗಿಬಿಟ್ಟ ಅಂತ ಜೊತೆಯವರು ಆಡಿಕೊಂಡರು. ನನಗೆ ಅದೂ ಹಿತವಾಗಿತ್ತು. ಮಧ್ಯಾಹ್ನ ಜರಡಿಯ ಹತ್ತಿರ ಅವ್ವನ ಜೊತೆ ಬುತ್ತಿ ಬಿಚ್ಚುವುದನ್ನು ಬಿಟ್ಟು, ಸಾಹೇಬರ ಡೇರೆಯ ನೆರಳಿಗೆ ಹೋಗಿ ಕೂರತೊಡಗಿದೆ. ಅವ್ವ ಕೇಳಲಿಲ್ಲ. ನನ್ನ ಪಾಲನ್ನು ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು.

ಆ ದಿನ ಕುತ್ತಿಗೆಯ ಮೂಳೆ ಬಿಡಿಸಿಕೊಂಡಿತು. ನಾಲ್ಕು ಚಪ್ಪಡಿಗಳ ಕಲ್ಲಿನ ಕೋಣೆ ಅದು. ಅದರ ಒಂದು ಗೋಡೆಗೆ ಒತ್ತಿಕೊಂಡು, ಮಂಡಿ ಮಡಚಿ, ಮಗ್ಗುಲಾಗಿ ಮಲಗಿದ್ದ ಜೀವ. ಸಾಹೇಬರು ಏಣಿಯಿಳಿದು ಬಂದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೇಲೆ ದಣಿ, ಅವನ ಜೊತೆ ಇಬ್ಬರು ನೆಂಟರು.

ಕತ್ತಿನ ಮೂಳೆಮಣಿಗಳು ಒಂದರ ಮೇಲೊಂದು ಜಜ್ಜಿಹೋಗಿವೆ, ಅಂಚು ಬೆಳೆದು ಮುಳ್ಳಾಗಿದೆ ಅಂದರು ಸಾಹೇಬರು. ಚಿಕ್ಕಂದಿನಿಂದ ಸಾಯೋವರೆಗೆ ತಲೆ ಮೇಲೆ ಭಾರ ಹೊತ್ತವರಿಗೆ ಹೀಗಾಗುತ್ತದಂತೆ.

ದಣಿ ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದ. "ಹೊತ್ತೇ ಇರ್ತಾರೆ ಸಾಹೇಬ್ರೆ. ಕಿರೀಟ. ಆ ಕಾಲದ ಕಿರೀಟ ಅಂದ್ರೆ ಏನಂದ್ಕೊಂಡ್ರಿ, ಗಟ್ಟಿ ಬಂಗಾರ."

ನೆಂಟರು ಹೌದು ಹೌದು ಅಂದರು. ಗುಡ್ಡ ಅಗೆಯಲು ಅಪ್ಪಣೆ ಕೊಟ್ಟವನು ದಣಿ. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು.

ಎಲುಬಿಲ್ಲದ ನಾಲಿಗೆ ಅಂತಾರೆ. ಅಷ್ಟೊಂದು ಎಲುಬಿನ ನಡುವೆ ಕೂತು ನಾನು ಅದನ್ನು ಹರಿಯಬಿಟ್ಟೆ.

"ಸಾರ್, ನಮ್ಮವ್ವನ ಕುತ್ತಿಗೆನೂ ಹಿಂಗೇ ಇದೆ. ಅವಳೇನೂ ಕಿರೀಟ ಹೊತ್ತೋಳಲ್ಲ."

ನೆಂಟನೊಬ್ಬ ಕಿಸಕ್ಕನೆ ನಕ್ಕ. ಯಾರ ಕುತ್ತಿಗೆ ಪಕ್ಕ ಯಾರ ಕುತ್ತಿಗೆ ಇಡ್ತೀಯೋ ಸೂಳೆಮಗನೆ ಅಂತ ದಣಿ ಛತ್ರಿ ಮಡಚಿ ತಿವಿಯಲು ಬಂದ; ಗುಂಡಿ ಆಳವಿದ್ದದ್ದರಿಂದ ತುದಿ ತಾಗಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಸಾಹೇಬರ ಕಣ್ಣು ಮಾತ್ರ ಹೊಳೆಯಿತು. ನಿಮ್ಮಮ್ಮ ಇಲ್ಲೇ ಇದ್ದಾರಾ ಅಂತ ಕೇಳಿದರು. ಇಲ್ಲ ಅನ್ನಬಹುದಿತ್ತು. ಮೈಗೆ ಹುಷಾರಿಲ್ಲ, ಬಂದಿಲ್ಲ, ಏನು ಬೇಕಾದರೂ ಅನ್ನಬಹುದಿತ್ತು. ನಾನೇ ಸರಸರ ಏಣಿ ಹತ್ತಿ, ಬಾಯಿಗೆ ಕೈಯಿಟ್ಟು, ಅವ್ವಾ ಅಂತ ಕೂಗಿದೆ.

ಮಗನ ಮೇಲೆ ಮಣ್ಣು ಕುಸಿಯಿತು ಅಂದುಕೊಂಡಳೋ ಏನೋ, ತುಂಬಿದ ಬಾಂಡ್ಲಿ ಇಳಿಸುವ ಪರಿವೆಯೂ ಇಲ್ಲದೆ ಓಡಿಬಂದಳು. ನಾನು ನಿಂತಿದ್ದು ನೋಡಿ ನಿಂತಳು. ಏದುಸಿರು ಬಿಡುತ್ತಿದ್ದಳು. ಬಾಂಡ್ಲಿ ಅಲುಗಿರಲಿಲ್ಲ.

"ಅಮ್ಮಾ, ಹೊರೆ ಹಾಗೇ ಇರಲಿ," ಅಂದರು ನನ್ನ ಹಿಂದೆಯೇ ಏಣಿ ಹತ್ತಿ ಬಂದ ಸಾಹೇಬರು. ಒಳ್ಳೆಯ ಮನುಷ್ಯ. ಅವ್ವನಿಗೆ ಬಹುವಚನದಲ್ಲಿ ಮಾತಾಡಿದ ಮೊದಲ ಸಾಹೇಬ ಅವರೇ ಇರಬೇಕು. ಬಹುವಚನದಲ್ಲೇ ನೆಟ್ಟಗೆ ನಿಲ್ಲಿ ಅಂದರು, ತಿರುಗಿ ಅಂದರು, ಕುತ್ತಿಗೆಯ ಬಟ್ಟೆ ಸ್ವಲ್ಪ ಜಾರಿಸಿ ಅಂದರು. ಬುರುಡೆ ಅಳೆಯಲು ಇಟ್ಟುಕೊಂಡಿದ್ದ ಎರಡು ತೋಳಿನ ಉಕ್ಕಿನ ಸಲಕರಣೆಯನ್ನು ಅವ್ವನ ಕತ್ತಿಗೆ ಹಚ್ಚಿದರು. ತಣ್ಣಗಿತ್ತೇನೋ, ಅವ್ವನ ಭುಜ ಬೆಚ್ಚಿತು. ಒಂದೊಂದು ಅಂಕಿಯನ್ನೂ ಬರೆದುಕೊಂಡರು. ಆಮೇಲೆ ಬಾಂಡ್ಲಿ ಇಳಿಸಿ, ಸಿಂಬಿ ತೆಗೆಯಲು ಹೇಳಿದರು.

ಸಿಂಬಿಯ ಜೊತೆ ತಲೆಗೆ ಸುತ್ತಿದ ಬಟ್ಟೆಯೂ ಬಂತು. ನಡುನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇರಲಿಲ್ಲ. ಹೊರೆ ಉಜ್ಜಿ ಉಜ್ಜಿ ಚರ್ಮ ಹಿಮ್ಮಡಿಯಂತೆ ದಡ್ಡುಗಟ್ಟಿತ್ತು. ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದರೂ ನಾನು ಅದನ್ನು ನೋಡಿರಲಿಲ್ಲ. ಅವಳು ತೋರಿಸಿರಲಿಲ್ಲ.

ನೆಂಟ ಮೊಬೈಲು ತೆಗೆದು ಫೋಟೋ ಹೊಡೆದ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುವುದು ಗೊತ್ತಿತ್ತು, ಕತ್ತು ನೋಡುವುದು ಇವತ್ತೇ ಕಂಡದ್ದು ಅಂದ ದಣಿ. ಎಲ್ಲರೂ ನಕ್ಕರು. ನಮ್ಮವರೂ ಒಂದಿಬ್ಬರು ನಕ್ಕರು. ಅವ್ವ ನನ್ನ ಕಡೆ ನೋಡುತ್ತಾಳೆ ಅಂತ ಕಾದೆ. ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ.

ತದ್ರೂಪು, ತದ್ರೂಪು ಅಂತ ಸಾಹೇಬರು ಗುನುಗುತ್ತಿದ್ದರು. ಇನ್ನೊಂದು ವಿಷಯ ಅಂತ ದಣಿಗೆ ಹೇಳಿದರು: ಸೊಂಟದ ಮೂಳೆ ನೋಡಿದರೆ ಒಳಗಿರುವುದು ಗಂಡಸಲ್ಲ, ನಲವತ್ತು ದಾಟಿದ ಹೆಂಗಸು.

ದಣಿಯ ಮುಖ ಹುಳ್ಳಗಾಯಿತು. "ಹಂಗಾದ್ರೆ ಇವಳು ಯಾವಳೋ ಆಳು ಮುಂಡೆ. ನಮ್ಮೋರು ಇನ್ನೂ ಕೆಳಗಿರ್ತಾರೆ. ಇದನ್ನ ಕಿತ್ತು ಬಿಸಾಕಿ, ಮುಂದಕ್ಕೆ ಅಗೀರಿ."

ಕೀಳುವ ಮೊದಲು ಒಂದು ಫೋಟೋ ಬೇಕು ಅಂದರು ಸಾಹೇಬರು. ಸತ್ತವಳ ಪಕ್ಕ, ಅದೇ ಭಂಗಿಯಲ್ಲಿ, ಅಮ್ಮ ಒಂದೆರಡು ನಿಮಿಷ ಮಲಗಿದರೆ ಸಾಕು. ನೀನೇ ಹೇಳಪ್ಪ ಬುದ್ಧಿವಂತ ಅಂತ ನನ್ನ ಬೆನ್ನು ತಟ್ಟಿದರು.

ನಾನು ಹೇಳಿದೆ. ನೆಲ ನೋಡಿಕೊಂಡು, ಅವ್ವಾ, ಸ್ವಲ್ಪ ಮಲಗಬೇಕಂತೆ ಅಂತ ಹೇಳಿದೆ.

ಅವ್ವ ಏಣಿಯಿಳಿದಳು. ಆ ಮೂಳೆಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇವಳಿಗೆ ಮಕ್ಕಳಿದ್ದವಾ ಅಂತ ಕೇಳಿದಳು. ಇದ್ದಿರಬಹುದು ಅಂದರು ಸಾಹೇಬರು, ಮೇಲಿಂದ. ಅವ್ವ ಮಂಡಿ ಮಡಚಿ, ಕೈಯನ್ನು ಕೆನ್ನೆಯಡಿ ಇಟ್ಟು, ಅವಳಿಗೆ ಮುಖ ಕೊಟ್ಟು ಮಲಗಿದಳು. ಒಂದು ಗೇಣು ಅಂತರ. ಕ್ಯಾಮೆರಾ ಏಳೆಂಟು ಸಲ ಕ್ಲಿಕ್ಕೆಂದಿತು.

ಆಯ್ತಮ್ಮ, ಏಳಿ ಅಂದರು ಸಾಹೇಬರು.

ಅವ್ವ ಏಳಲಿಲ್ಲ.

ನಿದ್ದೆ ಹತ್ತಿತೇನೋ ಅಂತ ನೆಂಟ ತಮಾಷೆ ಮಾಡಿದ. ದಣಿ ಗದರಿದ. ಅವ್ವ ಕಣ್ಣು ಬಿಟ್ಟೇ ಮಲಗಿದ್ದಳು.

"ಇವಳನ್ನ ಯಾರೂ ಎಬ್ಬಿಸಿಲ್ಲವಲ್ಲ ದಣಿ, ಮೂರು ಸಾವಿರ ವರ್ಷ," ಅಂದಳು. ದನಿ ಏರಿರಲಿಲ್ಲ. "ಬುಟ್ಟಿ ಹೊರು ಬಾ ಅಂತ ಯಾರೂ ಕರೆದಿಲ್ಲ. ನಾನೂ ಇಲ್ಲೇ ಇರ್ತೀನಿ."

"ಎಳ್ಕೊಂಡ್ ಬಾರೋ ನಿಮ್ಮವ್ವನ್ನ."

ನಾನು ಇಳಿದೆ. ಇದನ್ನೂ ಬರೆಯಲೇಬೇಕು: ಇಳಿದೆ, ಬಗ್ಗಿದೆ, ಅವ್ವನ ರಟ್ಟೆ ಹಿಡಿದು ಎಳೆದೆ. ಏಳವ್ವ, ಮಾನ ಹೋಗ್ತಿದೆ ಅಂದೆ.

ಆಗ ಅವ್ವ ನನ್ನ ಮುಖ ನೋಡಿದಳು. "ಯಾರದ್ದೋ?"

ರಟ್ಟೆ ಬಿಟ್ಟೆ. ಏಣಿ ಹತ್ತಿದೆ. ಎಲ್ಲಿ ಅವಳು ಅಂತ ದಣಿ ಕೇಳುತ್ತಿದ್ದ. ನನ್ನ ಕೈ ಅವತ್ತು ಮೊದಲ ಸಲ ನಡುಗುತ್ತಿತ್ತು. ಆ ಕೈಯಲ್ಲೇ ಏಣಿಯನ್ನು ಮೇಲಕ್ಕೆಳೆದುಕೊಂಡು, ಗುಡ್ಡದ ಅಂಚಿಗೆ ಹೊತ್ತುಕೊಂಡು ಹೋಗಿ ಸಮುದ್ರದ ಕಡೆ ತಳ್ಳಿದೆ. ಬಂಡೆಗೆ ಎರಡು ಸಲ ಬಡಿದ ಸದ್ದು ಬಂತು. ಮೂರನೆಯದು ಬರಲಿಲ್ಲ.

ತಿರುಗುವಷ್ಟರಲ್ಲಿ ದಣಿಯ ಛತ್ರಿ ನನ್ನ ಕಿವಿಯ ಮೇಲೆ ಬಿತ್ತು, ಮತ್ತೆ ಬಿತ್ತು. ಗುಂಡಿಗೆ ಯಾರಾದರೂ ಧುಮುಕ್ರೋ, ಎಳೀರೋ ಅಂತ ಅರಚಿದ. ಧುಮುಕಿದರೆ ಕಾಲು ಮೂಳೆಯ ಮೇಲೇ ಬೀಳಬೇಕು. ಸಾಹೇಬರು ಎರಡೂ ಕೈ ಚಾಚಿ ಎಲ್ಲರನ್ನೂ ತಡೆದರು. ಹೆಂಗಸರು ಬಾಂಡ್ಲಿ ಇಳಿಸಿ ಒಬ್ಬೊಬ್ಬರಾಗಿ ಬಂದು ಗುಂಡಿಯ ಸುತ್ತ ನಿಂತರು.

ಸಾಹೇಬರು ಅಂಚಿನಲ್ಲಿ ಬೋರಲು ಮಲಗಿ ಒಳಗೆ ಇಣುಕಿದರು. ಅವರ ದನಿಯಲ್ಲಿ ಅಳುವಿತ್ತು.

"ಅಮ್ಮಾ, ಕೈ ಮುಗೀತೀನಿ, ಅಲುಗಾಡಬೇಡಿ. ಅದು ಒಡೆದು ಹೋಗುತ್ತೆ."

ಅವ್ವ ಅಲುಗಾಡಲಿಲ್ಲ.