ಅಕ್ಸೋರಿಯಸ್ ಅಳಿಯ

ಚೀಲಕ್ಕೆ ಕೊಳವೆ ಚುಚ್ಚಿ ತಳದ ಕಾಳನ್ನು ಕಣ್ಣಾರೆ ನೋಡದೆ ಸಿದ್ರಾಮಪ್ಪ ಒಂದು ಚೀಲ ಜೋಳ ಇಳಿಸಿಕೊಂಡವನಲ್ಲ. ಪುಣೆಯ ಭವಾನಿ ಪೇಠೆಯಲ್ಲಿ ಅವನ ಅಂಗಡಿ. ದೇವರ ಪ್ರಸಾದವನ್ನೂ ಮೂಸಿ ನೋಡಿ ಬಾಯಿಗೆ ಹಾಕುವ ಆಸಾಮಿ ಅಂತ ನೆರೆಯವರು ಆಡಿಕೊಳ್ಳುತ್ತಿದ್ದರು.

ಇಂಥವನು ಮಗಳಿಗೆ ಗಂಡು ಹುಡುಕಿದರೆ ಹೇಗಿರಬೇಡ! ಒಬ್ಬ ಜಾಸ್ತಿ ನಗುತ್ತಾನೆ, ಏನೋ ಮುಚ್ಚಿಡುತ್ತಿದ್ದಾನೆ ಎಂದ. ಇನ್ನೊಬ್ಬ ನಗುವುದೇ ಇಲ್ಲ, ಹಲ್ಲಿನಲ್ಲಿ ಐಬಿದೆ ಎಂದ. ಬಂದ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ಹೋಗಿ, ಮಗಳು ಇಂದೂಗೆ ಮೂವತ್ತು ಸಮೀಪಿಸಿತು. ೧೯೭೯ರಲ್ಲಿ ಮುರುಗೆಪ್ಪನ ಸಂಬಂಧ ಬಂತು. ಭೋಸರಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್, ಹೆಂಡತಿ ತೀರಿಕೊಂಡವನು, ಮಕ್ಕಳಿಲ್ಲ. ಎದುರು ಕೂತು ಮಾತಾಡಿದ ಇಂದೂ ಮೊದಲ ಸಲ ಬಾಯಿಬಿಟ್ಟು, “ಅವ್ವಾ, ನನಗ ಒಪ್ಪಿಗಿ ಅದ” ಎಂದಿದ್ದಳು. ಸೋಮವಾರ ಸಂಜೆ ಅವನ ಸೋದರತ್ತೆ ಪಾರವ್ವ ಉತ್ತರ ಕೇಳಲು ಬರುವವಳಿದ್ದಳು.

ಅಂದು ಬೆಳಿಗ್ಗೆಯೇ ಸಿದ್ರಾಮಪ್ಪ ಸದ್ದಿಲ್ಲದೆ ಭೋಸರಿಗೆ ಹೋದ. ಕಾರ್ಖಾನೆಯ ಮ್ಯಾನೇಜರ್ ಅಪ್ಪಾಸಾಹೇಬರು ಸೀನಿದರೂ ಇಂಗ್ಲಿಷಿನಲ್ಲೇ ಸೀನುವ ಪೈಕಿ. ಮುರುಗೆಪ್ಪನನ್ನು, ಬೇನೆ ಬಿದ್ದ ಹೆಂಡತಿಗೆ ಅವನು ಮಾಡಿದ ಸೇವೆಯನ್ನೂ ಸೇರಿಸಿ, ಬಾಯ್ತುಂಬ ಹೊಗಳಿ, ಕೊನೆಗೆ ಮುಗುಳ್ನಕ್ಕು, ಸ್ವಲ್ಪ ‘ಅಕ್ಸೋರಿಯಸ್’ ಅಷ್ಟೇ ಎಂದರು. ಅಷ್ಟರಲ್ಲಿ ಯಾರೋ ಕರೆದರೆಂದು ಎದ್ದುಹೋದರು.

ನಕ್ಕಿದ್ದೇಕೆ? ಸಿದ್ರಾಮಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಬಸ್ಸಿನುದ್ದಕ್ಕೂ ಆ ಶಬ್ದವನ್ನೇ ಜಪಿಸುತ್ತ ಬಂದ. ಕುಡಿತವೇ? ಮೂರ್ಛೆರೋಗವೇ? ಔಷಧ ಅಂಗಡಿಯವನನ್ನು ಕೇಳಿದರೆ ಆ ಪುಣ್ಯಾತ್ಮ ತಲೆ ಕೆರೆದುಕೊಂಡು, ಚರ್ಮದ ರೋಗ ಇರಬೇಕು ಎಂದ.

ಅಲ್ಲಿಂದ ನೇರ ನಿವೃತ್ತ ಇಂಗ್ಲಿಷ್ ಮಾಸ್ತರ ಬಾಳಕೃಷ್ಣರ ಮನೆ. ಮಾಸ್ತರರು ದಪ್ಪ ನಿಘಂಟು ತೆರೆದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಲ್ಯಾಟಿನ್ನಿನಲ್ಲಿ ‘ಉಕ್ಸೋರ್’ ಅಂದರೆ ಹೆಂಡತಿ. ಮೊದಮೊದಲು ಅದರಿಂದ ಹುಟ್ಟಿದ ಶಬ್ದಕ್ಕೆ ಹೆಂಡತಿಗೆ ಸೇರಿದ್ದು ಎಂದಷ್ಟೇ ಅರ್ಥ, ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. ಆಮೇಲೆ ರೋಮಿನವರೇ ಹೆಂಡತಿಗೆ ಮರುಳಾದವನನ್ನು ಆ ಶಬ್ದದಿಂದ ಮೂದಲಿಸಿದರು. ಇಂಗ್ಲಿಷಿನವರು ಅದನ್ನು ಬೈಗುಳದಂತೆಯೇ ಎತ್ತಿಕೊಂಡರು. ಈಗೀಗ ಕೆಲವರು ನಗುತ್ತ ಹೊಗಳಿಕೆಗೂ ಬಳಸುತ್ತಾರಂತೆ.

ಸಿದ್ರಾಮಪ್ಪನ ಕಿವಿಗೆ ಬಿದ್ದದ್ದು ಬೈಗುಳ ಒಂದೇ.

ಮನೆಗೆ ಬಂದವನೇ ಹೆಂಡತಿ ಚನ್ನಬಸವ್ವನ ಮುಂದೆ ಗುಡುಗಿದ. “ಈ ಸಂಬಂಧ ಬ್ಯಾಡ! ಅಂವಾ ಹೆಂಡತಿ ಹುಚ್ಚ. ಆಕಿ ಬೇನ್ಯಾಗ ಬಿದ್ದಾಗ ತಾನ ಆಕಿ ತಲಿ ಬಾಚ್ತಿದ್ನಂತ, ಸೀರಿ ಒಗೀತಿದ್ನಂತ. ಆ ಮ್ಯಾನೇಜರ್‍ನ ಹೇಳಿದ. ಇದರಾಗ ಏನೋ ಗುಟ್ಟದ. ಸತ್ತಾಕಿ ಇನ್ನೂ ಅವನ ಮನಸಿನ್ಯಾಗ ಅದಾಳ!”

ಬಾಗಿಲ ಬಳಿ ನಿಂತಿದ್ದ ಇಂದೂಳ ಮುಖ ಬಾಡಿತು. ಚನ್ನಬಸವ್ವ ಲಟ್ಟಣಿಗೆ ಕೆಳಗಿಟ್ಟಳು.

“ಹೆಂಡತಿನ್ನ ಅತಿ ಪ್ರೀತಿ ಮಾಡ್ತಾನ. ಇದ ಏನ್ರಿ ಅವನ ಐಬು?”

“ಬೈಗುಳ ಅದು! ಇಂಗ್ಲಿಷಿನ್ಯಾಗ ಬೈಗುಳ!”

“ಇರಲಿ. ನನಗ ಟೈಫಾಯ್ಡ್ ಬಂದಿತ್ತಲ್ಲ, ನೆನಪೈತಿ? ತವರಿಗೆ ಹೋಗಾಕ ಆಟ ಹೂಡ್ಯಾಳ, ಥರ್ಮಾಮೀಟರ್ ಸುಳ್ಳ ಹೇಳತದ ಅಂತ ನೀವು ಇನ್ನೊಂದು ಥರ್ಮಾಮೀಟರ್ ತಂದ್ರಿ. ಅದೂ ಅಷ್ಟ ತೋರಿಸಿದ ಮ್ಯಾಲೆ ಡಾಕ್ಟರನ್ನ ಕರದ್ರಿ.” ಅವಳ ದನಿ ಏರಲಿಲ್ಲ. “ಆ ಬೈಗುಳ ನಿಮಗ ಯಾರೂ ಬೈಯಲಿಲ್ಲ ನೋಡ್ರಿ.”

ಅವನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಆ ಎರಡನೆಯ ಥರ್ಮಾಮೀಟರ್ ಇನ್ನೂ ಗೂಡಿನಲ್ಲಿತ್ತು. ಅತ್ತ ನೋಡಲು ನಾಚಿಕೆಯಾಯಿತು.

ಸಂಜೆ ಪಾರವ್ವ ಬಂದು ಕೂತು, “ಹುಡುಗನ ಬಗ್ಗೆ ಏನರ ಸಂಶೇ ಇದ್ರ ಈಗ ಕೇಳಿಬಿಡ್ರಿ, ಅಣ್ಣಾವ್ರ” ಎಂದಳು. ಸಿದ್ರಾಮಪ್ಪ ಬಾಯಿ ತೆರೆದ, ಮುಚ್ಚಿದ. ಒಳಗೆ ಹೋಗಿ ತಾನೇ ಸಕ್ಕರೆ ಬಟ್ಟಲು ತಂದು ಅವಳ ಕೈಗೆ ಒಂದಿಷ್ಟು ಸಕ್ಕರೆ ಹಾಕಿದ. “ಏನೂ ಇಲ್ರಿ. ಕೊಡ್ತೀವಿ.”

ಇಂದೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಸಿದ್ರಾಮಪ್ಪ ಅಡುಗೆಮನೆಗೆ ಬಂದು, ಮದುವೆಯಾದಾಗಿನಿಂದ ಒಮ್ಮೆಯೂ ಮಾಡದ ಕೆಲಸ ಮಾಡಿದ. ಒಂದು ಚಿಟಿಕೆ ಸಕ್ಕರೆಯನ್ನು ಹೆಂಡತಿಯ ಬಾಯಿಯ ಹತ್ತಿರ ಹಿಡಿದ.

ಚನ್ನಬಸವ್ವ ಬಾಯಿ ತೆರೆಯಲಿಲ್ಲ. ಹಿಂದೆ ಸರಿದು ಅವನ ಬೆರಳನ್ನೂ ಮುಖವನ್ನೂ ನೋಡಿದಳು.

“ಯಾಕ್ರಿ?” ಎಂದಳು. “ಏನ ಮಾಡ್ಕೊಂಡ ಬಂದೀರಿ?”