ನೀಲವ್ವನ ಮೆಂತೆ ಪಾತಿ

ಹೂವಿನ ಹಿಪ್ಪರಗಿಯ ಶಂಕ್ರೆವ್ವಳಿಗೆ ಮೊಮ್ಮಗಳು ನೀಲವ್ವಳದೇ ಚಿಂತೆ. ನಾಲ್ಕು ವರ್ಷ ತುಂಬಿದರೂ ‘ಅವ್ವ’, ‘ನೀರ’ ಬಿಟ್ಟರೆ ಹುಡುಗಿಯ ಬಾಯಲ್ಲಿ ಮಾತೇ ಇಲ್ಲ. ಓಣಿಯವರು ‘ಮೂಕಿ’ ಅಂದಾಗಲೆಲ್ಲ ಮುದುಕಿಯ ಕರುಳು ಚುರ್ ಅನ್ನುತ್ತಿತ್ತು. ಮಗ-ಸೊಸೆ ಹೊಲಕ್ಕೆ ಹೋದರೆ, ಕೂಸು ಮಣ್ಣು ತಿಂದೀತೆಂದು ಹಳೆ ಸೀರೆಯ ತುಂಡಿನಿಂದ ಪಡಸಾಲೆಯ ಕಂಬಕ್ಕೆ ಕಟ್ಟಿಬಿಡುತ್ತಿದ್ದಳು. ತನ್ನನ್ನೂ ತನ್ನವ್ವ ಹಾಗೇ ಬೆಳೆಸಿದ್ದಳಲ್ಲ!

ಒಂದು ದಿನ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಜಾನಕಿಬಾಯಿ ಮನೆಗೆ ಬಂದರು.

“ಅಯ್ಯ ಶಂಕ್ರೆವ್ವ, ಆಕಳ ಕರಾ ಕಟ್ಟಿದಂಗ ಕೂಸಿನ್ನ ಕಟ್ಟೀರಲ್ರಿ!”

“ಮತ್ತೇನ್ ಮಾಡ್ಲಿರಿ ಬಾಯಾರ? ಬಿಟ್ರ ಮಣ್ಣಾಗ ಹೊರಳತೈತಿ.”

“ದವಾಖಾನ್ಯಾಗ ತೋರಿಸಿದ್ರಲ್ಲ, ಏನಂದ್ರು?”

“ಕಿವಿ, ನಾಲಗಿ ಎಲ್ಲಾ ಚೊಲೊ ಅದಾವು, ಕೂಸಿನ ಜೋಡಿ ಮಾತಾಡ್ರಿ ಅಂದ್ರು. ಕಂಬದ ಬುಡಕ ಕುಂತ ಕೂಸಿನ ಜೋಡಿ ಏನ್ ಮಾತಾಡೋದ್ರಿ?”

“ಅದಕ್ಕ ಹೇಳಾಕತ್ತೇನಿ. ಹಿತ್ತಲದಾಗ ಒಂದ ಪಾತಿ ಮಾಡ್ರಿ. ಆಕಿ ಕೈಲೇನ ಮೆಂತೆ ಹಾಕಸ್ರಿ. ಕಾಳ ಹಿಡದ್ರ ಬೆರಳಿಗೆ ಬಲ ಬರತೈತಿ. ಸಣ್ಣದು, ದೊಡ್ಡದು ತಿಳಿತೈತಿ. ಮಾತಾಡಾಕ ಏನರ ಸಿಗತೈತಿ.”

“ಮಣ್ಣ ತಿಂದ್ರ?”

“ಬಾಜೂಕ ನೀವ ಕುಂದರ್ರಿ. ಆಮ್ಯಾಲ ಸಬಕಾರ ಹಚ್ಚಿ ಕೈ ತೊಳಸ್ರಿ.”

ನಂಬಿಕೆ ಇರಲಿಲ್ಲ, ಆದರೂ ಶಂಕ್ರೆವ್ವ ಕಂಬದ ಕಟ್ಟು ಬಿಚ್ಚಿ ಪಾತಿ ಮಾಡಿದಳು. ನೀಲವ್ವ ಕಾಳು ಚೆಲ್ಲಿದಳು. ಎರಡು ದಿನ ಕಳೆಯುವುದರೊಳಗೆ ಎಲ್ಲ ಕೆದರಿ, ಮೊಳಕೆ ಬಂದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು! ಗದರಲು ಬಾಯಿ ತೆರೆದ ಮುದುಕಿ ಸಿಟ್ಟು ನುಂಗಿ ಪಕ್ಕದಲ್ಲಿ ಕುಳಿತಳು.

“ನೋಡವಾ, ಇದ ಕಾಳಿನ ಬೇರು. ನೀರ ಕುಡಿತೈತಿ. ಮತ್ತ ಮುಚ್ಚೂಣು?”

ಅಂದಿನಿಂದ ಅಜ್ಜಿ ದಿನಾ ಮಾತಾಡುವಳು, ಮೊಮ್ಮಗಳು ಕಣ್ಣರಳಿಸಿ ಕೇಳುವಳು. ಪಾತಿ ಹಸಿರಾಯಿತು.

ಒಂದು ಮುಂಜಾನೆ ಶಂಕ್ರೆವ್ವ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲಲ್ಲಿ ಯಾರೋ ಚೀರಿದರು.

“ಹುಶ್! ಕೋಳಿ, ಹೋಗ! ನನ್ನ ಮೆಂತೆ ತಿನಬ್ಯಾಡ!”

ಹಿಟ್ಟಿನ ಕೈಯಲ್ಲೇ ಓಡಿದಳು. ನೆರೆಮನೆಯ ಇಮಾಮಬಿಯ ಕೋಳಿಯ ಮುಂದೆ ನೀಲವ್ವ ಎರಡೂ ಕೈ ಚಾಚಿ ನಿಂತಿದ್ದಳು. ಶಂಕ್ರೆವ್ವ ಅವಳನ್ನು ತಬ್ಬಿಕೊಂಡು ಗಳಗಳ ಅತ್ತಳು.

“ಇನ್ನೊಮ್ಮಿ ಅನ್ನು, ನನ್ನವ್ವ!”

ಅನ್ನಲು ಪುರುಸೊತ್ತೆಲ್ಲಿ? ಹುಡುಗಿ ಕೊಸರಿಕೊಂಡು ಕೋಳಿಯ ಹಿಂದೆ ಓಡಿದಳು. ಸಂಜೆ ಸುದ್ದಿ ಕೇಳಿದ ಮಗ ರೇವಪ್ಪ ಕೈಕಾಲು ತೊಳೆಯದೆಯೇ ಪಾತಿಗೆ ಮುಳ್ಳಿನ ಬೇಲಿ ಕಟ್ಟಿದ.

“ಯಾರ್ ಅಂದ್ರು ನನ್ನ ಮೊಮ್ಮಗಳಿಗೆ ಮೂಕಿ ಅಂತ? ಈಗ ಬರ್ಲಿ!” ಅಂದಳು ಶಂಕ್ರೆವ್ವ.

ಅಕ್ಕಂದಿರೇ, ಅಣ್ಣಂದಿರೇ, ಕೂಸಿನ ಮಾತು ತಡವಾದರೆ ಮೊದಲು ದವಾಖಾನೆಗೆ ತೋರಿಸಿ. ಹಿತ್ತಲಲ್ಲಿ ಮೊಳದಷ್ಟು ನೆಲ ಕೂಸಿಗೇ ಬಿಟ್ಟುಕೊಡಿ. ಬಿತ್ತಲಿ, ಕೆದರಲಿ, ಕೈ ಕೆಸರಾಗಲಿ. ನೀವು ಪಕ್ಕದಲ್ಲಿ ಕುಳಿತು ಮಾತಾಡಿ. ಇವತ್ತೇ ಒಂದು ಹಿಡಿ ಕಾಳು ನಿಮ್ಮ ಕೂಸಿನ ಕೈಗೆ ಕೊಡಿ.