ಕುಟ್ಟಿ ನೋಡಬಾರದ ಬದಿ

ಹನ್ನೊಂದನೆಯ ಮುಚ್ಚಳ ಕೂಡಿತು.

ಕಾರಿನ ಕೆಳಗೆ ಅಂಗಾತ ಮಲಗಿದ್ದ ಸೊಸೆ, ಬಿಸ್ಕತ್ತು ಡಬ್ಬದ ಆ ತಗಡಿನ ಮುಚ್ಚಳವನ್ನು ಎಡಬದಿಯ ಪಟ್ಟಿಗೆ ಒತ್ತಿ ಹಿಡಿದು, ಕೈದೀಪವನ್ನು ಓರೆ ಮಾಡಿ ನೋಡಿದಳು. ಮುಚ್ಚಳ ಎಲ್ಲಿ ಮುಗಿಯಿತು, ಕಾರು ಎಲ್ಲಿ ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ. ಅದೇ ಮಂಕು ಕಪ್ಪು, ಕಿತ್ತಳೆ ಸಿಪ್ಪೆಯ ಮೇಲಿರುವಂಥ ಅದೇ ಸಣ್ಣ ತರಿ. ಲೇಪ ಹೊಡೆದು ಹೊಡೆದು ಹತ್ತು ಮುಚ್ಚಳ ಹಾಳು ಮಾಡಿ, ನಾಲ್ಕು ದಿನ ಬೈಸಿಕೊಂಡು, ಕೊನೆಗೂ ಮಾವನ ಕೈ ಅವಳ ಕೈಗೆ ಬಂದಿತ್ತು. ಖುಷಿ ತಡೆಯಲಾರದೆ, ಸ್ನೇಹಿತರ ಹೆಗಲು ತಟ್ಟುವ ಹಾಗೆ, ಅದೇ ಮುಚ್ಚಳದ ಅಂಚಿನಿಂದ ಪಟ್ಟಿಗೆ ಒಂದು ಬಡಿದಳು.

'ದಪ್' ಎಂದಿತು.

ತಗಡು ಹಾಗೆನ್ನಬಾರದು. ಆರೋಗ್ಯವಾಗಿರುವ ತಗಡು, ಮೇಲೆ ಎಷ್ಟೇ ಲೇಪವಿದ್ದರೂ, 'ಠಣ್' ಎಂದೇ ಅನ್ನುತ್ತದೆ.

ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಆ ಟೊಳ್ಳು ಪಟ್ಟಿಯೇ ಹಳೆಯ ಕಾರುಗಳ ಬೆನ್ನುಮೂಳೆ. ಜಾಕ್ ಕೊಟ್ಟು ಎತ್ತುವುದೂ ಅದನ್ನೇ ಹಿಡಿದು. ಚಕ್ರ ಎಸೆಯುವ ಕಲ್ಲುಚೂರು ತಾಗದಿರಲಿ ಎಂದು ಅದರ ಮೇಲೆ ರಬ್ಬರಿನಂಥ ದಪ್ಪ ಲೇಪ ಹೊಡೆಯುತ್ತಾರೆ. ತುಕ್ಕು ಬಲು ಕಳ್ಳ, ಒಳಗಿನಿಂದ ತಿನ್ನುತ್ತದೆ. ತಗಡು ಕತ್ತರಿಸಿ ಹೊಸದು ಬೆಸೆಯುವುದನ್ನು ಯಾರಾದರೂ ಕಲಿತಾರು, ಆದರೆ ಹೊಸ ಲೇಪದ ತರಿಯನ್ನು ಹಳೆಯದರ ಪಕ್ಕ ಗುರುತು ಸಿಗದಂತೆ ಕೂಡಿಸುವುದು ಆ ಊರಿನಲ್ಲಿ ಒಬ್ಬರಿಗೇ ಬರುತ್ತಿತ್ತು. ಅವರೇ ಮೇಸ್ತ್ರಿ, ಅವಳ ಮಾವ. ಲೇಪ ಸಿಂಪಡಿಸುವ ಗನ್ನಿನ ವಿಷಯದಲ್ಲಿ "ಗನ್ ಉಗುಳಬೇಕು, ಊದಬಾರದು" ಎಂಬುದೊಂದೇ ಅವರು ಹೇಳಿಕೊಟ್ಟ ಪಾಠ. ಮಿಕ್ಕಿದ್ದನ್ನು ಅವಳು ಮುಚ್ಚಳಗಳಿಂದ ಕಲಿತಳು: ಮೊದಲ ಸುತ್ತು ದೂರದಿಂದ ತೆಳ್ಳಗೆ, ಹೊಳಪು ಆರುವ ತನಕ ಕೈ ಕಟ್ಟಿ ಕೂರುವುದು, ಆಮೇಲೆ ಗಾಳಿ ಇಳಿಸಿ, ಒಂದು ಗೇಣು ಹತ್ತಿರ ಬಂದು, ಗನ್ನಿಗೆ ಕೆಮ್ಮು ಬಂದ ಹಾಗೆ ಹನಿ ಹನಿಯಾಗಿ.

ಮೇಸ್ತ್ರಿಯ ಮಗ, ಎಂದರೆ ಅವಳ ಗಂಡ, ತುಕ್ಕಿನ ವಾಸನೆಗೇ ಸೀನುವ ಜಾತಿ. ಅಂಚೆ ಕಚೇರಿಯಲ್ಲಿ ಸುಖವಾಗಿ ಮುದ್ರೆ ಒತ್ತಿಕೊಂಡಿದ್ದಾನೆ. ಅಂಗಡಿಗೆ ದಕ್ಕಿದ್ದು ಸೊಸೆ. ಎದುರಿನ ಟೈರಿನವನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು, ಇಡೀ ಬೀದಿಗೇ ತಂದುಕೊಂಡ ಸೊಸೆಯೇನೋ ಎಂಬಂತೆ.

ಆ ಅಂಗಡಿಗೆ ಒಂದು ಕಟ್ಟಳೆಯಿತ್ತು. ಒಳಗೆ ಬರುವ ಪ್ರತಿ ಕಾರನ್ನೂ ಮೇಸ್ತ್ರಿಯ ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಮುಂದಿನಿಂದ ಹಿಂದಿನವರೆಗೆ ಕುಟ್ಟಿ, ಕಿವಿಗೊಟ್ಟು ಕೇಳಬೇಕು. ಆದರೆ ಅಂಗಡಿಯವರೇ ಮಾಡಿ ಮುಗಿಸಿದ ಕೆಲಸಕ್ಕೆ, ಅದು ಎಷ್ಟು ವರ್ಷದ ಮೇಲೆ ಮರಳಿ ಬಂದರೂ, ಸುತ್ತಿಗೆ ಸೋಕಿಸುವ ಹಾಗಿಲ್ಲ. ಕುಟ್ಟಿದರೆ ಮೇಸ್ತ್ರಿಯ ಕೆನ್ನೆಗೆ ಬಾರಿಸಿದಂತೆ. ಹಿಂದೊಮ್ಮೆ ಒಬ್ಬ ಕೆಲಸಗಾರ ಮರೆತು ಕುಟ್ಟಿದ್ದಕ್ಕೆ ಅದೇ ಸಂಜೆ ಅವನ ಏಪ್ರನ್ ಬಿಚ್ಚಿಸಿ ಕಳಿಸಿದ್ದರು. ಈ ಕಾರಿನ ಎಡಬದಿ ಹನ್ನೊಂದು ವರ್ಷದ ಹಿಂದೆ ಮೇಸ್ತ್ರಿ ಸ್ವಂತ ಕೈಯಲ್ಲಿ ಮಾಡಿದ್ದು. ಕಾರಿನ ಒಡೆಯ, ಹಲ್ಲಿನ ಡಾಕ್ಟರು, ಸಿಕ್ಕಿದವರನ್ನೆಲ್ಲ ನೆಲಕ್ಕೆ ಬಗ್ಗಿಸಿ ಅದರ ತರಿ ತೋರಿಸುತ್ತಿದ್ದರು. ಈಗ ಬಲಬದಿಗೆ ತುಕ್ಕು ಹಿಡಿದಿತ್ತು. ಅದನ್ನು ಕತ್ತರಿಸಿ ಹೊಸ ತಗಡು ಬೆಸೆದಾಗಿತ್ತು, ಎಡಬದಿಯ ತರಿಗೆ ಕೂಡಿಸುವುದಷ್ಟೇ ಬಾಕಿ. ಭಾನುವಾರ ಹಳೆಯ ಕಾರುಗಳ ಪ್ರದರ್ಶನ. ಅದು ಮುಗಿದ ಮರುದಿನವೇ ಡಾಕ್ಟರು ಹೆಂಡತಿಯನ್ನು ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ದೂರದ ಪ್ರಯಾಣ ಹೊರಡುವವರಿದ್ದರು.

ಸೊಸೆ ತೆವಳಿಕೊಂಡು ಹೊರಗೆ ಬಂದು, ಮೊಳೆಗೆ ತೂಗುಹಾಕಿದ್ದ ಹಿತ್ತಾಳೆ ಸುತ್ತಿಗೆ ತೆಗೆದುಕೊಂಡಳು. ಮತ್ತೆ ಕೆಳಗೆ ಹೋದಳು. ಠಣ್, ಠಣ್, ಠಣ್. ಹಿಂದಿನ ಚಕ್ರದ ಹತ್ತಿರ, ಜಾಕ್ ಕೊಡುವ ಜಾಗದಲ್ಲೇ, ದಪ್. ಅಲ್ಲಿಂದ ಒಂದು ಮೊಳದುದ್ದ ದಪ್, ದಪ್. ಸ್ಕ್ರೂಡ್ರೈವರ್ ಊರಿ ಒತ್ತಿದಳು. ಲೇಪ ಚರ್ಮದ ಹಾಗೆ ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ಸೀಳಿತು. ತೂತು ಮುಚ್ಚಲು ಮೆತ್ತುವ ಪುಟ್ಟಿಯ ಒಣ ಚೂರು, ಹಿಂದೆಯೇ ಕೆಂಪು ಪುಡಿ, ಅವಳ ಮುಖದ ಮೇಲೆ ಸುರಿಯಿತು. ಬಾಯಲ್ಲೆಲ್ಲ ತುಕ್ಕಿನ ರುಚಿ. ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಗೆ ಹೋಗಿತ್ತು. ಅಲ್ಲಿ ಬೆಸೆದ ಹೊಸ ತಗಡೇ ಇರಲಿಲ್ಲ.

ಮೇಸ್ತ್ರಿ ಬಾಗಿಲ ಬಳಿ ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತು, ಸೀಮೆಎಣ್ಣೆಯ ಬಟ್ಟಲಲ್ಲಿ ಗನ್ನಿನ ಮೂತಿ ತೊಳೆಯುತ್ತಿದ್ದರು. ಒಂಬತ್ತು ವರ್ಷದಿಂದ ಅವರ ಕಣ್ಣಿಗೆ ಬೆಳಕು ಕಾಣುತ್ತಿತ್ತು, ಆಕಾರ ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ.

"ಮಾವ, ಎಡಬದಿ ದಪ್ ಅಂತಿದೆ."

ಬಟ್ಟಲೊಳಗಿನ ಬೆರಳು ನಿಂತವು. "ಕುಟ್ಟಿದ್ಯಾ?"

"ಕುಟ್ಟಿದೆ."

"ಯಾರನ್ನ ಕೇಳಿ ಕುಟ್ಟಿದೆ?"

"ಕೇಳಿದ್ರೆ ಬೇಡ ಅಂತಿದ್ರಿ."

ಎಷ್ಟು ಜಾಗ, ಎಲ್ಲಿ, ನೀರು ಹೇಗೆ ಹೊಕ್ಕಿತು, ಹೀಗೆ ಬೇರೆ ಯಾರ ಕೆಲಸವಾಗಿದ್ದರೂ ಮೇಸ್ತ್ರಿ ಹತ್ತು ಪ್ರಶ್ನೆ ಕೇಳುತ್ತಿದ್ದರು. ಈಗ ಒಂದನ್ನೂ ಕೇಳಲಿಲ್ಲ. ಆಗ ಸೊಸೆಗೆ ಅರ್ಥವಾಯಿತು. ಇವರಿಗೆ ಗೊತ್ತಿತ್ತು.

"ಆವಾಗ್ಲೇ ನನ್ನ ಕಣ್ಣು ಕೈಕೊಟ್ಟಿತ್ತು" ಎಂದರು ಮೇಸ್ತ್ರಿ, ಬಟ್ಟಲಿನ ಕಡೆಗೇ ಮುಖವಿಟ್ಟು. "ಬೆಸುಗೆ ಗೆರೆ ಎರಡೆರಡು ಕಾಣ್ತಿತ್ತು. ಒಂದ್ಸಲ ಬೆಸೆದೆ, ಬಿಟ್ಕೊಂಡ್ತು. ಇನ್ನೊಂದ್ಸಲ ಬೆಸೆದೆ, ತೂತು ಬಿತ್ತು. ಡಾಕ್ಟ್ರು ಬೆಳಗ್ಗೆ ಬರೋರಿದ್ರು. ಪುಟ್ಟಿ ತುಂಬಿ ಮೇಲೆ ತರಿ ಹೊಡೆದೆ." ಗನ್ನಿನ ಮೂತಿಯನ್ನು ಬಟ್ಟೆಯಿಂದ ಒರೆಸಿ, "ತರಿ ಮಾತ್ರ ಚೆನ್ನಾಗಿ ಬಂತು" ಎಂದರು.

"ನಾನಿದ್ನಲ್ಲ ಮಾವ."

ಮೇಸ್ತ್ರಿ ಮೂತಿಯನ್ನು ಮತ್ತೆ ಬಟ್ಟಲಿಗೆ ಅದ್ದಿದರು.

"ಇಲ್ಲೇ ಇದ್ದೆ. ಅಗೋ ಆ ಕಂಬದ ಹತ್ರ ಕೂತು ಬಾಗಿಲು ಉಜ್ಜತಾ ಇದ್ದೆ. ನಂಗೆ ಬೆಸೆಯೋಕೆ ಬರ್ತಿತ್ತು. ಗುಜರಿ ತಗಡಲ್ಲಿ ಕಲಿತು ನಿಮಗೆ ತಂದು ತೋರಿಸಿದ್ದೆ. ಒಂದು ಮಾತು ಕರೀಬಹುದಿತ್ತು."

ತೋರಿಸಿದ್ದು ನಿಜ. ಮೇಸ್ತ್ರಿ ಆ ಬೆಸುಗೆಯ ಮೇಲೆ ಹೆಬ್ಬೆರಳಾಡಿಸಿ, ಚೆನ್ನಾಗಿದೆ ಎಂದು ಒಪ್ಪಿ, ಆದರೆ ಮನೆಯ ಸೊಸೆ ಗಿರಾಕಿಗಳ ಎದುರು ಕಾರಿನ ಕೆಳಗೆ ಕಾಲು ಚಾಚಿ ಮಲಗುವುದು ಚೆನ್ನಾಗಿರುವುದಿಲ್ಲ ಎಂದು ಕೈಗೆ ಮತ್ತೆ ಉಜ್ಜುಕಾಗದ ಕೊಟ್ಟಿದ್ದರು. ಎರಡು ವರ್ಷ ಕಳೆದು ಕಣ್ಣು ಪೂರ್ತಿ ಮಸುಕಾದ ಮೇಲೆ ಅವಳು ಕೆಳಗೆ ಮಲಗಿದರೆ ಎಲ್ಲ ಚೆನ್ನಾಗಿಯೇ ಇತ್ತು. ಅದನ್ನೆಲ್ಲ ನೆನೆದು ಸೊಸೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಆಗಿದ್ದು ಆಯ್ತು" ಎಂದರು ಮೇಸ್ತ್ರಿ. "ಆ ಮೊಳದಷ್ಟು ಜಾಗಕ್ಕೆ ಹೊಸ ಪುಟ್ಟಿ ತುಂಬು. ಮೇಲೆ ತರಿ ಹೊಡಿ. ಈಗ ನಿಂಗೂ ಬಂತಲ್ಲ. ಯಾರಪ್ಪನಿಗೂ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲ ಎಂಬುದು ಅವಳಿಗೂ ಗೊತ್ತು. ಅದೇ ಅವಳ ಎದೆಗೆ ಚುಚ್ಚಿದ್ದು. ನಾಲ್ಕು ದಿನ ಕಷ್ಟಪಟ್ಟು ಕಲಿತ ವಿದ್ಯೆಗೆ ಸಿಕ್ಕಿದ ಮೊದಲ ಕೆಲಸ ಇದು! ಒಂದು ಗಂಟೆ ಸಾಕು. ಭಾನುವಾರ ತೀರ್ಪುಗಾರರು ಕೆಳಗೆ ಕನ್ನಡಿ ಹಿಡಿದು ಭೇಷ್ ಅನ್ನುತ್ತಾರೆ. ಸೋಮವಾರ ಬೆಟ್ಟದ ತಿರುವಿನಲ್ಲಿ ಚಕ್ರ ಪಂಕ್ಚರಾಗಿ, ಡಾಕ್ಟರು ಜಾಕ್ ಕೊಟ್ಟು ಕಾರು ಎತ್ತಿ, ಅದರ ಪಕ್ಕ ಮೊಣಕಾಲೂರಿದರೆ?

"ಆಗಲ್ಲ ಮಾವ."

"ಹೊರಗಡೆ ಬೋರ್ಡ್ ಮೇಲಿರೋದು ನನ್ನ ಹೆಸರು. ನಿಂದಲ್ಲ."

"ಕಾರಿನ ಕೆಳಗಿರೋದು ನಾನು. ನೀವಲ್ಲ."

ಮದುವೆಯಾಗಿ ಬಂದು ಹದಿನಾರು ವರ್ಷದಲ್ಲಿ ಮಾವನಿಗೆ ಅವಳು ಇಷ್ಟು ಗಟ್ಟಿಯಾಗಿ ಎದುರಾಡಿದ್ದಿಲ್ಲ. ಆಡಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ ಎಂದುಕೊಂಡಿದ್ದಳು. ಕಚ್ಚಿಕೊಳ್ಳಲಿಲ್ಲ. ಮೇಸ್ತ್ರಿಯೇ ಸೀಮೆಎಣ್ಣೆಯ ಬಟ್ಟಲನ್ನು ಕಾಲಿನಿಂದ ಅತ್ತ ತಳ್ಳಿದರು.

ನಾಲ್ಕು ಗಂಟೆಗೆ ಡಾಕ್ಟರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ನಗುತ್ತ ಬಂದರು. "ಏನಮ್ಮ ಸೊಸೆ, ಭಾನುವಾರಕ್ಕೆ ಮದುಮಗಳು ರೆಡಿನಾ?"

"ಇಲ್ಲ ಡಾಕ್ಟ್ರೇ. ಭಾನುವಾರಕ್ಕೆ ಸಿಗಲ್ಲ. ಸ್ವಲ್ಪ ಮಲಗಿ."

"ಮಲಗೋದಾ?"

ಸೊಸೆ, ಕಾರಿನ ಕೆಳಗೆ ಜಾರಲು ಮಲಗುವ ಗಾಲಿಹಲಗೆಯನ್ನು ಕಾಲಿನಿಂದ ಅವರ ಮುಂದೆ ಸರಿಸಿದಳು. ಡಾಕ್ಟರು ಪ್ಯಾಂಟನ್ನೊಮ್ಮೆ ಹಲಗೆಯನ್ನೊಮ್ಮೆ ನೋಡಿ, ಬೇರೆ ದಾರಿ ಕಾಣದೆ ಮಲಗಿದರು. ಅವಳು ಪಕ್ಕದಲ್ಲೇ ನುಸುಳಿ ದೀಪ ಹಿಡಿದು, ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟಳು. ಹಲ್ಲು ಕೆರೆದ ಮೂವತ್ತು ವರ್ಷದ ಅಭ್ಯಾಸ, ಅವರು ಕೇಳದೆಯೇ ಮೊನೆಯನ್ನು ಆ ತೂತಿನ ಅಂಚಿಗಿಟ್ಟು ಮೆಲ್ಲಗೆ ಕೆರೆದರು. ಪುಟ್ಟಿ ಉದುರಿತು. ತುಕ್ಕು ಉದುರಿತು. ನಗು ಹೊರಟುಹೋಯಿತು.

"ಇದನ್ನ ತುಂಬಿಸಿದ್ದು ಯಾರು?"

ಕುರ್ಚಿ ಕಿರ್ರ್ ಎಂದದ್ದು ಕೆಳಗಿದ್ದ ಇಬ್ಬರಿಗೂ ಕೇಳಿಸಿತು.

"ಈ ಅಂಗಡಿ" ಎಂದಳು ಸೊಸೆ.

ಡಾಕ್ಟರು ಹೊರಗೆ ಬಂದು ನಿಂತವರು ಬೆನ್ನಿನ ಧೂಳು ಕೊಡವಿಕೊಳ್ಳುವುದನ್ನೂ ಮರೆತಿದ್ದರು. "ಹನ್ನೊಂದು ವರ್ಷ! ಕಂಡಕಂಡವರಿಗೆಲ್ಲ ತೋರಿಸ್ತಾ ಇದ್ನಲ್ರಿ! ನನ್ನ ಹೆಂಡತಿ ಕೂರೋದು ಅದೇ ಬದೀಲಿ. ಬೇಡ, ಕೀ ಕೊಡಿ. ನಾನು ಬೇರೆ ಕಡೆ ಮಾಡಿಸ್ಕೊತೀನಿ."

ಸೊಸೆ ಜೇಬಿನಿಂದ ಕೀ ತೆಗೆದು ಕೊಟ್ಟಳು. "ತಗೊಂಡು ಹೋಗಿ. ಆದ್ರೆ ಓಡಿಸ್ಕೊಂಡು ಹೋಗ್ಬೇಡಿ, ಲಾರಿ ತರಿಸಿ. ಎಲ್ಲಿಗೆ ಹೋದ್ರೂ ಮೊದ್ಲು ಎಡಬದಿ ಬಿಚ್ಚಿ ಅಂತ ಹೇಳಿ. ಚೆನ್ನಾಗಿ ಕಾಣುತ್ತೆ ಅಂತ ಬಿಡೋಕೆ ಹೋದ್ರೆ ಬಿಡಬೇಡಿ. ಇಲ್ಲೇ ಇಟ್ರೆ ನಾನು ಬಿಚ್ತೀನಿ. ಈಗ್ಲೇ, ನಿಮ್ಮ ಕಣ್ಣೆದುರಿಗೇ. ಹೊಸ ತಗಡು ಹಾಕ್ದೆ ಇದರ ಮೇಲೆ ಒಂದು ಹನಿ ಲೇಪ ಹೊಡೆಯಲ್ಲ, ನೀವು ಹೇಳಿದ್ರೂ ಹೊಡೆಯಲ್ಲ."

ಕೊನೆಯ ಮಾತನ್ನು ಅವಳು ಡಾಕ್ಟರ ಕಡೆ ತಿರುಗಿ ಹೇಳಿರಲಿಲ್ಲ.

ಡಾಕ್ಟರು ಕೀಯನ್ನು ಅಂಗೈಯಲ್ಲಿ ಎರಡು ಸಲ ಕುಲುಕಿದರು. ಕಾರಿನ ಮೂತಿ ನೋಡಿದರು. "ಪ್ರದರ್ಶನ ಮುಗಿಯೋ ತನಕ ತಳ್ಳೋಕಾಗಲ್ವಾ?" ಎಂದು ಕೇಳಿ, ಕೇಳಿದ ಮೇಲೆ ತಾವೇ ಹುಳಿನಗೆ ನಕ್ಕರು. "ನನ್ನ ಹತ್ರ ಬರೋರೂ ಇದನ್ನೇ ಕೇಳೋದು."

"ನೀವೇನಂತೀರಿ?"

"ಬಾಯಿ ತೆಗೀರಿ ಅಂತೀನಿ." ಕೀಯನ್ನು ಮೇಜಿನ ಮೇಲಿಟ್ಟರು. "ಬಿಚ್ಚಮ್ಮ."

ಸೊಸೆ ಕಟ್ಟಿಂಗ್ ಯಂತ್ರದ ತಂತಿ ಎಳೆದು ತರುವಾಗ ಮೇಸ್ತ್ರಿ ಎದ್ದು ನಿಂತಿದ್ದರು. "ಅದಕ್ಕೆ ಕೈ ಹಚ್ಚಬೇಡ" ಎಂದರು. ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮುಖವಾಡ ಕೆಳಗೆಳೆದು ಗುಂಡಿ ಒತ್ತಿದಳು. ಕಿಡಿ ಹಾರಿತು. ಊರಿಗೇ ಹೆಸರಾದ ತರಿ, ಅವಳು ನಾಲ್ಕು ದಿನ ಗಿಣಿಪಾಠದಂತೆ ಕಲಿತ ತರಿ, ಸುಟ್ಟ ರಬ್ಬರಿನ ವಾಸನೆ ಬೀರುತ್ತ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಮುಖವಾಡದೊಳಗೆ ಅವಳು ಅಳುತ್ತಿದ್ದಳು, ಕೈ ಮಾತ್ರ ಅಲುಗಲಿಲ್ಲ. ಯಂತ್ರ ನಿಲ್ಲಿಸಿ ನೋಡಿದಾಗ ಕುರ್ಚಿ ಖಾಲಿಯಿತ್ತು.

ಮೇಸ್ತ್ರಿ ಒಂಬತ್ತು ದಿನ ಅಂಗಡಿಗೆ ಬರಲಿಲ್ಲ. ಮನೆಯಲ್ಲಿ ಅವಳು ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಮಾತಿಲ್ಲ. ನಡುವೆ ಅವಳ ಗಂಡ ಅತ್ತ ಅಪ್ಪನ ಮುಖ ಇತ್ತ ಹೆಂಡತಿಯ ಮುಖ ನೋಡಿ, ಇಬ್ಬರ ತಂಟೆಯೂ ಬೇಡವೆಂದು ಪತ್ರಿಕೆಯಲ್ಲಿ ತಲೆ ಹುದುಗಿಸುತ್ತಿದ್ದ. ಭಾನುವಾರದ ಪ್ರದರ್ಶನ ಕಾರಿಲ್ಲದೆಯೇ ಮುಗಿಯಿತು. ವಿಷಯ ಬೀದಿಗೆಲ್ಲ ತಿಳಿದು, ಟೈರಿನವನು "ಮಾವನ ಮರ್ಯಾದೆಗೇ ಯಂತ್ರ ಹಿಡಿದ್ಯಂತೆ" ಎಂದು ಹಲ್ಲು ಕಿರಿದ. "ನಿಮ್ಮ ಗಾಡಿನೂ ತನ್ನಿ, ಅದಕ್ಕೂ ಹಿಡೀತೀನಿ" ಎಂದಳು ಸೊಸೆ.

ತುಕ್ಕು ಹರಡಿದಷ್ಟೂ ಕತ್ತರಿಸಿದಳು. ಹೊಸ ತಗಡು ಬಗ್ಗಿಸಿ, ಬೆಸೆದು, ಒಳಗಿನ ಟೊಳ್ಳಿಗೂ ಬಣ್ಣ ಇಳಿಸಿದಳು. ಒಂದು ತೇಪೆ ಹಾಕಿ ಕೂಡಿಸುವ ಬದಲು ಎಡಬದಿಯ ಹಳೆಯ ಲೇಪವನ್ನು ಪೂರ್ತಿ ಕೆರೆದುಹಾಕಿ, ಎರಡೂ ಬದಿಗೆ ಒಂದೇ ಬೆಳಗ್ಗೆ ತರಿ ಹೊಡೆದಳು. ಕೂಡಿಸಿ ನೋಡಲು ಮಾವನ ತರಿ ಈಗ ಕಾರಿನಲ್ಲಿ ಎಲ್ಲೂ ಇರಲಿಲ್ಲ. ಉಳಿದಿದ್ದದ್ದು ಹನ್ನೊಂದನೆಯ ಮುಚ್ಚಳದಲ್ಲಿ, ಅದೂ ಅವಳೇ ಹೊಡೆದದ್ದು.

ಹತ್ತನೆಯ ದಿನ ಡಾಕ್ಟರು ಕಾರು ಒಯ್ಯಲು ಬಂದು ನಿಂತಿದ್ದಾಗ ಮೇಸ್ತ್ರಿ ಬಂದರು. ಯಾರನ್ನೂ ಮಾತಾಡಿಸದೆ ಕುರ್ಚಿಯತ್ತ ಹೋಗುತ್ತಿದ್ದವರಿಗೆ ಸೊಸೆ ಅಡ್ಡ ನಿಂತು, ಹಿತ್ತಾಳೆ ಸುತ್ತಿಗೆಯನ್ನು ಅವರ ಕೈಗೆ ತಾಗಿಸಿದಳು.

"ಕುಟ್ಟಿ ನೋಡಿ."

"ಮುಗಿದ ಕೆಲಸ ಕುಟ್ಟೋ ಪದ್ಧತಿ ಇಲ್ಲ ಇಲ್ಲಿ."

"ಅದು ನಿಮ್ಮ ಪದ್ಧತಿ. ನನ್ನ ಕೆಲಸ ಕುಟ್ಟಬೇಕು. ಇನ್ಮೇಲೆ ಈ ಬಾಗಿಲು ದಾಟೋ ಪ್ರತಿ ಕಾರನ್ನೂ ಗಿರಾಕಿ ಮುಂದೇನೇ ಕುಟ್ಟಿ ಕಳಿಸೋದು. ಹತ್ತು ವರ್ಷ ಬಿಟ್ಟು ಬಂದ್ರೂ ಕುಟ್ಟೋದು. ದಪ್ ಅಂದ್ರೆ ನನ್ನ ಏಪ್ರನ್ನೂ ಬಿಚ್ಚಿಸಿ."

ಮೇಸ್ತ್ರಿಯ ಬೆರಳು ಸುತ್ತಿಗೆಯ ಹಿಡಿಯ ಮೇಲೆ ಬಿಗಿಯಾಯಿತು. ಎಸೆದುಬಿಡುತ್ತಾರೆ ಎಂದುಕೊಂಡರು ಡಾಕ್ಟರು. ಸೊಸೆಗೂ ಹಾಗೇ ಅನಿಸಿತು, ಎಸೆದರೆ ಎತ್ತಿ ತಂದು ಮತ್ತೆ ಕೊಡುವುದೆಂದು ನಿರ್ಧರಿಸಿ ನಿಂತಳು. ಮೇಸ್ತ್ರಿ ಕಾಲಿನಿಂದ ತಡವಿ ಗಾಲಿಹಲಗೆಯನ್ನು ಹುಡುಕಿದರು. ಕಂಬ ಹಿಡಿದು ಬಗ್ಗಿ, ಕೂತು, ಒಂಬತ್ತು ವರ್ಷದ ಮೇಲೆ ಕಾರಿನ ಕೆಳಗೆ ಮಲಗಿದರು. ಅವರ ಚಪ್ಪಲಿಯೊಂದು ಹೊರಗೇ ಉಳಿಯಿತು.

ಮೊದಲು ಅಂಗೈ ಎಡಬದಿಯ ಲೇಪದ ಮೇಲೆ ಸವರಿಕೊಂಡು ಹೋದ ಸದ್ದು. ಆಮೇಲೆ ಸುತ್ತಿಗೆ. ಠಣ್. ಠಣ್. ಠಣ್. ಹಿಂದಿನ ಚಕ್ರದ ಹತ್ತಿರ ಬಂದು ನಿಂತಿತು.

ಠಣ್.

ಅದೇ ಜಾಗಕ್ಕೆ ಇನ್ನೊಂದು ಸಲ, ಸ್ವಲ್ಪ ಬಲವಾಗಿ, ಠಣ್. ಆ ಸದ್ದು ತಗಡಿನ ಉದ್ದಕ್ಕೂ ಓಡಿ ಆರಿತು. ಡಾಕ್ಟರು ಕೀಯನ್ನು ಜೇಬಿಗಿಳಿಸಿ, ಕಾಯುವವರ ಹಾಗೆ ಖಾಲಿ ಕುರ್ಚಿಯಲ್ಲಿ ಕೂತರು. ಗಾಲಿಹಲಗೆ ಕಿರುಗುಟ್ಟಿತು, ಕಾರಿನ ಕೆಳಗಿನಿಂದಲೇ ಮೆಲ್ಲಗೆ ಬಲಬದಿಗೆ ಸರಿಯಿತು.